ರಾಗಿ ಮೊದಲು ಬಲಿಯುವ ಸಾಲು

ನಟರಾಜು ಎತ್ತಿದ ಗುದ್ದಲಿಯ ಕಾವನ್ನು ಮನೋಹರ್ ಗಾಳಿಯಲ್ಲೇ ಹಿಡಿದ.

“ಬೇಲಿ ಒಳಗೆ ಗುಂಡಿ ತೋಡಂಗಿಲ್ಲ ಕಣ್ರೀ. ಇದು ಫ್ಯಾಕ್ಟರಿ ಜಾಗ. ಸೂಪರ್‌ವೈಸರ್ ಆಗಿ ನಾನು ಬಿಡೋಕಾಗಲ್ಲ.”

“ಅದು ನಮ್ಮಪ್ಪನ ಸಮಾಧಿ ಕಣಯ್ಯ! ಪಕ್ಕದಲ್ಲೇ ನಮ್ಮವ್ವನ್ನ ಮಲಗಿಸ್ಬೇಕು. ಕೈ ಬುಡು!”

ಬೇಲಿಯ ಈಚೆ ಹೊಂಗೆಮರದ ಕೆಳಗೆ ಚಟ್ಟ ಇಳಿಸಿದ್ದರು. ವೆಂಕಟಲಕ್ಷ್ಮಮ್ಮ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಯಾರಿಗೂ ತೊಂದರೆ ಕೊಡದ ಸಾವು. ತೊಂದರೆ ಶುರುವಾದದ್ದು ಆಮೇಲೆ. ಗಂಡನ ಪಕ್ಕದಲ್ಲೇ ಮಣ್ಣು ಮಾಡಿ ಎನ್ನುವುದೊಂದೇ ಆಕೆಯ ಆಸೆಯಾಗಿತ್ತು.

ತಪ್ಪು ನಟರಾಜುವಿನದೇ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಹತ್ತು ವರ್ಷದ ಹಿಂದೆ ನಡುವಿನ ಬದುವನ್ನು ಸಮ ಮಾಡಿಸಿ, ಎರಡು ಹೊಲವನ್ನು ಒಂದಾಗಿಸಿದ್ದ. ಹೋದ ವರ್ಷ, ಮಾಗಡಿ ರಸ್ತೆಯ ಫ್ಯಾಕ್ಟರಿಗೆ ಮೇಲಿನ ಹೊಲ ಮಾರಿದ. ಪತ್ರದಲ್ಲಿ ‘ದಕ್ಷಿಣಕ್ಕೆ ಹಳೇ ಬದು’ ಎಂದು ಬರೆಸಿದ್ದೂ ಅವನೇ. ಬದು ಎಲ್ಲಿದೆ? ಫ್ಯಾಕ್ಟರಿಯವರು ತಮಗೆ ಕಂಡಲ್ಲಿ ಕಂಬ ನೆಟ್ಟರು. ಅಪ್ಪನ ಸಮಾಧಿ ಬೇಲಿಯೊಳಗೆ ಸೇರಿತು. ದೂರು ಕೊಟ್ಟ ಕಡೆಯಲ್ಲೆಲ್ಲ ಒಂದೇ ಉತ್ತರ: ಬದು ತೋರಿಸಿ. ಕೈಯಾರೆ ಅಳಿಸಿದ್ದನ್ನು ತೋರಿಸಲು ಅವನೇನು ಮಾಟಗಾರನೇ?

“ಹೊತ್ತು ಮೀರ್ತೈತೆ ಕಣ್ಲಾ. ಕೆಳಗಿನ ಹೊಲ್ದಲ್ಲೇ ತೋಡುವ ಬಾ,” ಎಂದರು ತೀರಿಕೊಂಡಾಕೆಯ ತಮ್ಮ ಚಿಕ್ಕಹನುಮಯ್ಯ.

“ಇಲ್ಲ ಮಾವ. ಅಪ್ಪನ ಪಕ್ಕ ಬುಟ್ಟು ಬ್ಯಾರೆಲ್ಲೂ ಇಲ್ಲ.”

ಅಷ್ಟರಲ್ಲಿ ಧನುಶ್ರೀ ಬಸ್ಸಿಳಿದು ಏದುಸಿರು ಬಿಡುತ್ತ ಬಂದಳು. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಫೋಟೊ.

“ಅಜ್ಜಿ ಇದನ್ನ ದೊಡ್ಡದು ಮಾಡ್ಸಿ ತರೋಕೆ ಹೇಳಿದ್ರು. ‘ನನ್ನ ಮಗ ನಂಬಲ್ಲ, ತಂದು ತೋರ್ಸು’ ಅಂದಿದ್ರು,” ಎಂದವಳೇ ಅತ್ತುಬಿಟ್ಟಳು.

*

ಧನುಶ್ರೀ ಮೊದಲು ಬಂದದ್ದು ಒಂದು ತಿಂಗಳ ಹಿಂದೆ. ಯೂನಿವರ್ಸಿಟಿಯಲ್ಲಿ ಪ್ರಾಚೀನ ಕಾಲದ ಹೊಲಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಮೂರು ವರ್ಷದ ಹಿಂದೆ ರಸ್ತೆ ಅಳತೆಗೆಂದು ವಿಮಾನದಿಂದ ತೆಗೆದ ಫೋಟೊವನ್ನು ಜಗಲಿಯ ಮೇಲೆ ಹರಡಿ ತಲೆ ಕೆರೆದುಕೊಳ್ಳುತ್ತಿದ್ದಳು. ನೆಲದಡಿ ಹಳೇ ಕಲ್ಲಿನ ಕಟ್ಟೆ ಇದ್ದರೆ ಮೇಲಿನ ಪೈರು ಬೇಗ ಹಳದಿಯಾಗುತ್ತದೆ, ಆಕಾಶದಿಂದ ಅದು ಗೆರೆಯಾಗಿ ಕಾಣುತ್ತದೆ ಎಂದು ಓದಿದ್ದಳು. ಆದರೆ ಇಲ್ಲಿ ಗೆರೆಗಳೋ ಗೆರೆಗಳು!

ಸೊಪ್ಪು ಬಿಡಿಸುತ್ತಿದ್ದ ವೆಂಕಟಲಕ್ಷ್ಮಮ್ಮ ಫೋಟೊ ಎಳೆದುಕೊಂಡು ತಲೆಕೆಳಗು ಮಾಡಿದರು.

“ಹಿಂಗಿಡ್ಕೊ ಮಗ, ನಮ್ಮನೆ ಬಾಕ್ಲಿಂದ ನೋಡ್ದಂಗೆ. ಇದು ದನ ಓಡಾಡೋ ದಾರಿ. ಇದು ಪೈಪ್ ಹೂತಿರೋದು, ಒಸಿ ಹಸ್ರು ಜಾಸ್ತಿ. ಇದೈತಲ್ಲ, ಬಾವಿ ಮೂಲೆಯಿಂದ ಹುಟ್ಟುಬಂಡೆ ಗಂಟ, ಇಲ್ಲಿ ರಾಗಿ ಎಂಟು ದಿನ ಮುಂಚೆ ಬಲೀತದೆ. ಅಡೀಲಿ ಬದುವಿನ ಕಲ್ಲೈತೆ. ಪ್ರತಿ ವರ್ಷ ನಾನು ಕುಡ್ಲು ಹಾಕ್ತಿದ್ದದ್ದೇ ಇಲ್ಲಿಂದ.”

“ಕಲ್ಲನ್ನ ನೋಡಿದ್ದೀರಾ ಅಜ್ಜಿ?”

“ನೋಡೋದ್ಯಾಕೆ? ತೆನೆ ಯೋಳ್ತೈತೆ.”

ಧನುಶ್ರೀ ಬೆರಳನ್ನು ಮುಂದೆ ಸರಿಸಿದಳು. ಅದೇ ಹಳದಿ ಗೆರೆ ಬಂಡೆ ದಾಟಿ, ಈಗಿನ ಯಾವ ಬದುವನ್ನೂ ಲೆಕ್ಕಿಸದೆ, ಬೇರೆಯವರ ಮೂರು ಹೊಲಗಳಲ್ಲಿ ಬಾಗಿ ಸಾಗಿತ್ತು.

“ಅಜ್ಜಿ! ಇದು ಯಾವ ನಕ್ಷೆಯಲ್ಲೂ ಇಲ್ಲ! ನಿಮ್ಮ ಬದು ಇದರ ಮೇಲೇ ಕೂತಿದೆ. ಸಾವಿರ ವರ್ಷದ್ದಿರಬಹುದು!”

“ಇದ್ದಾತು. ಕಾಫಿ ಆರ್ತೈತೆ, ಕುಡಿ.”

*

ಧನುಶ್ರೀ ಫೋಟೊದಲ್ಲಿ ತೋರಿಸಿದಂತೆ ಬಾವಿ ಮೂಲೆಯಿಂದ ಹುಟ್ಟುಬಂಡೆಗೆ ಹಗ್ಗ ಎಳೆದರು. ಅದು ಸಮಾಧಿಗಿಂತ ಮೂರು ಮಾರು ಮೇಲೆ, ಫ್ಯಾಕ್ಟರಿ ಕಡೆಗೆ ಹಾಯ್ದು, ಸಮಾಧಿ ನಟರಾಜುವಿನ ಪಾಲಿಗೆ ಬಿತ್ತು. ಮನೋಹರ್ ನಕ್ಕ.

“ಆಯ್ತು, ಅಗೀರಿ. ಬದು ಸಿಕ್ರೆ ನಾನೇ ನಿಂತು ಬೇಲಿ ಕೀಳಿಸ್ತೀನಿ.”

ಒಂದು ಅಡಿ ಹೋಯಿತು. ಬರೀ ಮಣ್ಣು. ಎರಡು ಅಡಿ. ಚಿಕ್ಕಹನುಮಯ್ಯ ಲೊಚಗುಟ್ಟಿದರು. ನಟರಾಜುವಿನ ಕಣ್ಣಿಗೆ ಬೆವರು ಇಳಿಯಿತು. ಆಗ ಗುದ್ದಲಿ ಟಣ್ ಎಂದಿತು. ಕೈಯಲ್ಲೇ ಮಣ್ಣು ಬಾಚಿದ. ಒಂದಕ್ಕೊಂದು ಒತ್ತಿ ಜೋಡಿಸಿದ ಎರಡು ಸಾಲು ಕಲ್ಲು!

“ಯವ್ವೋ! ನಾನು ಅಳಿಸ್ದೆ, ನೀನು ಉಳಿಸ್ದೆ ಕಣವ್ವಾ!”

“ಒಂದು ಕಡೆ ಸಿಕ್ರೆ ಬದು ಆಗ್ಬುಡುತ್ತಾ?” ಎಂದ ಮನೋಹರ್. ದನಿ ಮಾತ್ರ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಚಿಕ್ಕಹನುಮಯ್ಯ ಪಂಚೆ ಎತ್ತಿ ಕಟ್ಟಿದರು. “ಏ, ಬರ್ರಪ್ಪಾ ಎಲ್ರೂ! ಹಾರೆ ತತ್ತಾರ್ಲಾ!”

ಸಾವಿಗೆ ಬಂದವರೆಲ್ಲ ಹಗ್ಗದುದ್ದಕ್ಕೂ ಅಗೆಯತೊಡಗಿದರು. “ಇಲ್ಲೂ ಐತೆ!” “ಇಲ್ಲೂ ಸಿಕ್ತು ಕಣ್ಲಾ!” ಯಾರೋ ಸಿಳ್ಳೆ ಹಾಕಿ, ಸಾವಿನ ನೆನಪಾಗಿ ಬಾಯಿ ಮುಚ್ಚಿಕೊಂಡ. ತಡೆಯಲಾರದೆ ಮತ್ತೆ ಹಾಕಿದ. ಮನೋಹರ್ ನಾಲ್ಕು ಗುಂಡಿ ಇಣುಕಿ ನೋಡಿ ಬೂಟು ಬಿಚ್ಚಿದ. ಕಂಬ ಕೀಳುವವರನ್ನು ಫೋನಿನಲ್ಲಿ ಕರೆದು, ನಟರಾಜುವಿನತ್ತ ತಿರುಗಿ, “ಅಮ್ಮನಿಗೆ ಗುಂಡಿ ತೋಡ್ರಿ,” ಎಂದ. ನಟರಾಜು ಅವನನ್ನು ತಬ್ಬಿಕೊಂಡ.

ಜನ ಮಾತ್ರ ನಿಲ್ಲಲಿಲ್ಲ. ಹಗ್ಗ ಮುಗಿದ ಮೇಲೂ, ಬಂಡೆಯ ಆಚೆಯ ಹೊಲಗಳಲ್ಲೂ ಧನುಶ್ರೀ ಫೋಟೊ ನೋಡಿ ಕೂಗಿದ ಕಡೆಯೆಲ್ಲ ಅಗೆದರು. ಜಾಗ ತಪ್ಪಬಾರದೆಂದು ಕಲ್ಲು ಸಿಕ್ಕಿದಲ್ಲೆಲ್ಲ ಒಬ್ಬೊಬ್ಬರು ನಿಂತರು. ಧನುಶ್ರೀ ಹುಟ್ಟುಬಂಡೆ ಹತ್ತಿ ನೋಡಿದಳು. ಸೆರಗು ಹೊದ್ದ ಹೆಂಗಸರು, ಮಣ್ಣು ಮೆತ್ತಿದ ಪಂಚೆಯ ಗಂಡಸರು, ಕೊರಳಲ್ಲಿ ತಮಟೆ ನೇತುಹಾಕಿಕೊಂಡವನು, ಎಲ್ಲರೂ ಬಾವಿ ಮೂಲೆಯಿಂದ ಮೂರು ಹೊಲಗಳಾಚೆಯವರೆಗೆ ಫೋಟೊದ ಹಳದಿ ಗೆರೆ ಬಾಗಿದಂತೆಯೇ ಸಾಲಾಗಿ ನಿಂತಿದ್ದರು.