ಗಾಯರಾಣದಲ್ಲಿ ಹೂತ ಎಂಟು ಚಡ್ಡಿ

ಚಿಂಚೋಳಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಕಲೀಮನ ಬಟ್ಟೆ ಅಂಗಡಿಯಲ್ಲಿ ಲುಂಬಿನಿ ಎಂಟು ಬಿಳಿ ಚಡ್ಡಿ ಕೇಳಿದಳು. ಗಂಡಸರವು, ಒಂದೇ ಅಳತೆಯವು, ಅಪ್ಪಟ ಹತ್ತಿಯವು.

"ಯಾರ ಸಲುವಾಗಿ, ಬಾಯಾರ?" ಎಂದ ಕಲೀಮ್, ಅಳತೆ ತಿಳಿಯಲೆಂದು.

"ಮಣ್ಣಿಗ್ರಿ. ಹುಗಿಯಾಕ ಬೇಕಾಗ್ಯಾವ."

ಕಲೀಮ್ ಚಡ್ಡಿ ಕಟ್ಟಿಕೊಟ್ಟು, ಅವಳು ಬಸ್ ಹತ್ತುವವರೆಗೂ ನೋಡುತ್ತ ನಿಂತ.

ಲುಂಬಿನಿ ಚಿತ್ತಾಪುರದ ಹುಡುಗಿ. ಕೃಷಿ ಓದಿ, ಮಣ್ಣಿನ ಆರೋಗ್ಯ ಅಳೆಯುವ ಒಂದು ಯೋಜನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳ ಪಾಲಿಗೆ ಬಂದದ್ದು ಚಂದ್ರಂಪಳ್ಳಿ ಕಡೆಯ ಒಂದು ಊರಿನ ಗಾಯರಾಣ, ಅಂದರೆ ಊರಿನ ದನಗಳೆಲ್ಲ ಮೇಯುವ ಬಯಲು. ಎರಡು ವರ್ಷದ ಹಿಂದೆ ಪಂಚಾಯ್ತಿ ಅಧ್ಯಕ್ಷೆ ಅನಸುಬಾಯಿ ಹಟ ಹಿಡಿದು ಅದರ ಅರ್ಧಕ್ಕೆ ಬೇಲಿ ಹಾಕಿಸಿ, ಹುಲ್ಲು ಚಿಗುರಲು ಬಿಟ್ಟಿದ್ದಳು. ಉಳಿದರ್ಧದಲ್ಲಿ ದನ ಎಂದಿನಂತೆ ಮೇಯುತ್ತಿದ್ದವು. ಬೇಲಿಯಿಂದ ಮಣ್ಣಿಗೆ ಏನಾದರೂ ಲಾಭವಾಯಿತೇ ಎಂದು ನೋಡುವುದು ಲುಂಬಿನಿಯ ಕೆಲಸ.

ಮೃಗಶಿರ ಮಳೆ ಬಿದ್ದ ಮೇಲೆ ಅವಳು ಎರಡೂ ಕಡೆ ನೆಲಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆದು ಚೀಲಕ್ಕೆ ತುಂಬಿದಳು. ಊರವರು ಸುತ್ತ ನಿಂತಿದ್ದರು. ಎಲ್ಲರಿಗಿಂತ ಮುಂದೆ ನಿಂತವನು ಹನ್ನೊಂದು ಎಮ್ಮೆಗಳ ಒಡೆಯ ಕಲ್ಯಾಣಪ್ಪ.

"ಈ ಮಣ್ಣಾಗ ಕಾರ್ಬನ್ ಎಷ್ಟದ ಅಂತ ನೋಡ್ತೀವಿ, ಕಾಕಾರ," ಎಂದಳು ಲುಂಬಿನಿ.

"ಕಾರ್ಬನ್ ಅಂದ್ರ ಪಾವತಿ ಪುಸ್ತಕದಾಗ ಇಡೋ ಕರಿ ಹಾಳಿ ಅಲ್ಲೇನು? ಅದನ್ನ ಇಲ್ಲಿ ಯಾರು ಹುಗದಾರ?"

ಬೇರು, ಎಲೆ, ಸಗಣಿ ಕೊಳೆತು ಮಣ್ಣಲ್ಲಿ ಉಳಿಯುವ ಸತ್ವ ಅದು ಎಂದು ಲುಂಬಿನಿ ವಿವರಿಸಿದಳು. ಅದರ ಲೆಕ್ಕ ಪ್ರಯೋಗಾಲಯದಿಂದ ಬರುತ್ತದೆ. ಆದರೆ ಕಣ್ಣಿಗೆ ಕಾಣುವ ಪರೀಕ್ಷೆಯೂ ಒಂದುಂಟು ಎನ್ನುತ್ತ ಚಡ್ಡಿಗಳನ್ನು ಹೊರತೆಗೆದಳು. ಹತ್ತಿ ಬಟ್ಟೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರ. ಎರಡು ತಿಂಗಳಲ್ಲಿ ಚಡ್ಡಿ ಎಷ್ಟು ತೂತಾಗುತ್ತದೋ ಮಣ್ಣು ಅಷ್ಟು ಜೀವಂತ.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅನಸುಬಾಯಿ ಮಾತ್ರ ನಗಲಿಲ್ಲ. "ಎಲ್ಲಾರೂ ಕೇಳ್ರಿ. ಇದು ಭಾನಾಮತಿ ಅಲ್ಲ, ಸೈನ್ಸ್ ಅದ. ಯಾರೂ ಕೆದರಬ್ಯಾಡ್ರಿ. ಬೇಲಿ ಹೊರಗಿನ ಮಣ್ಣು ಸೋತ್ರ ಅದಕ್ಕೂ ಬೇಲಿ ಹಾಕ್ತೀವಿ. ಆಮ್ಯಾಲ ದನಾ ಈ ಹಳೇ ಬೇಲಿ ಒಳಗ ಪಾಳಿ ಪ್ರಕಾರ ಮೇಯಲಿ."

ಬೇಲಿಯ ಒಳಗೆ ನಾಲ್ಕು, ಹೊರಗೆ ನಾಲ್ಕು ಚಡ್ಡಿ ಮಣ್ಣು ಸೇರಿದವು. ಪ್ರತಿಯೊಂದರ ಮೇಲೂ ಕೆಂಪು ಬಾವುಟ ಎದ್ದಿತು. ಕಲ್ಯಾಣಪ್ಪ ಒಂದೊಂದನ್ನೂ ಎಣಿಸಿ ಮನೆಗೆ ಹೋದ.

ಎರಡು ತಿಂಗಳ ನಂತರ ಲುಂಬಿನಿ ಸಲಿಕೆ ಹಿಡಿದು ಬಂದಾಗ ಊರಿಗೆ ಊರೇ ನೆರೆದಿತ್ತು. ಬೇಲಿಯ ಒಳಗೆ ಅಗೆದರೆ ಚಡ್ಡಿಯೇ ಇಲ್ಲ; ಬರೀ ಸೊಂಟದ ರಬ್ಬರ್ ಪಟ್ಟಿ, ಅದಕ್ಕೆ ಜೋತ ನಾಲ್ಕು ಎಳೆ. ಲುಂಬಿನಿಗೆ ಕುಣಿಯಬೇಕೆನಿಸಿತು. ಅವಳು ಅದನ್ನು ಎತ್ತಿ ತೋರಿಸಿದಾಗ ಜನ ಚಪ್ಪಾಳೆ ಹೊಡೆದರು.

"ತಡೀರಿ, ಹೊರಗಿಂದೂ ನೋಡ್ರಿ," ಎಂದ ಕಲ್ಯಾಣಪ್ಪ. ಅವನ ಮುಖ ಮದುಮಗನಂತೆ ಹೊಳೆಯುತ್ತಿತ್ತು.

ಹೊರಗಿನ ಮೊದಲ ಬಾವುಟದ ಕೆಳಗೆ ಅಗೆದಳು. ಬಂದ ಚಡ್ಡಿ ಜರಡಿಯ ಹಾಗಿತ್ತು, ತೂತೇ ತೂತು. ಆದರೆ ಅದು ಬಿಳಿಯದಲ್ಲ, ನೀಲಿ ಪಟ್ಟೆಯದು. ರಬ್ಬರ್ ಇರಲಿಲ್ಲ, ಲಾಡಿ ಇತ್ತು. ಹಿಂಬದಿಗೆ ಹಳದಿ ಬಟ್ಟೆಯ ತೇಪೆ ಬೇರೆ.

ಲುಂಬಿನಿ ತನ್ನ ವಹಿ ನೋಡಿದಳು, ಚಡ್ಡಿ ನೋಡಿದಳು. ಸೂಕ್ಷ್ಮಜೀವಿಗಳು ಬಟ್ಟೆ ತಿನ್ನುವುದನ್ನು ಅವಳು ಓದಿದ್ದಳು. ತೇಪೆ ಹಚ್ಚುವುದನ್ನು ಓದಿರಲಿಲ್ಲ.

ಅಷ್ಟರಲ್ಲಿ ಕಲ್ಯಾಣಪ್ಪನ ಹೆಂಡತಿ ಮಹಾದೇವಮ್ಮ ಗುಂಪು ಸೀಳಿಕೊಂಡು ಬಂದಳು. "ಅಯ್ಯ ಶಿವನ! ಇದು ನಮ್ಮ ಮನಿಯವ್ರದು! ಈ ತ್ಯಾಪಿ ನಾನೇ ಹಚ್ಚೀನಿ! ಹಗ್ಗದ ಮ್ಯಾಗಿಂದ ನಾಕು ಚಡ್ಡಿ ಮಾಯಾಗ್ಯಾವಂತ ಬಾಜೂ ಮನಿ ಅಮೀರ್‌ಬೀ ಜೋಡಿ ತಿಂಗಳಾತು ಮಾತು ಬಿಟ್ಟೀನಿ!"

"ನಾ ತಗೊಂಡಿಲ್ಲಂತ ಮೊದ್ಲೇ ಹೇಳಿದ್ದೆ!" ಎಂದು ಗುಂಪಿನ ಹಿಂದಿನಿಂದ ಅಮೀರ್‌ಬೀ ಕೂಗಿದಳು.

ಕಲ್ಯಾಣಪ್ಪ ಆಕಾಶ ನೋಡಿದ. ಅನಸುಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಖರೆ ಹೇಳ್ರಿ, ಯಪ್ಪಾ. ಮೇಡಮ್ಮಾರ ಚಡ್ಡಿ ಎಲ್ಲಿ?"

"ತಿಂಗಳಾದ ಮ್ಯಾಲ ಒಂಚೂರು ಕೆದರಿ ನೋಡಿದೆ," ಎಂದ ಅವನು ಸಣ್ಣ ದನಿಯಲ್ಲಿ. "ದುಕಾನದಾಗಿಂದ ಈಗಷ್ಟೇ ತಂದಂಗ ಇದ್ದವು. ಒಂದು ತೂತಿಲ್ಲ. ಎಮ್ಮಿ ಗತಿ ಏನಂತ ಹೆದರಿಕಿ ಆತು. ಅದಕ್ಕ ಅವನ್ನ ತಗದು ನನ್ನ ತೂತುಬಿದ್ದ ಹಳೇವು ಹಾಕಿದೆ."

"ಅವನ್ನ ಏನ್ ಮಾಡಿದ್ರಿ?"

"ಛಲೋ ಮಾಲು, ಹಾಳ ಮಾಡಬಾರದಲ್ಲ. ಒಗದು ಹಾಕ್ಕೊಳ್ಳಾಕತ್ತೀನಿ."

ಲುಂಬಿನಿ ನಗು ತಡೆಯಲು ಕೆನ್ನೆಯ ಒಳಭಾಗ ಕಚ್ಚಿಕೊಂಡಳು. ಎರಡು ತಿಂಗಳ ಪರೀಕ್ಷೆ ಮಣ್ಣುಪಾಲಾಯಿತೆಂಬ ದುಃಖವೂ ಇತ್ತು. ಆದರೆ ಅನಸುಬಾಯಿ ಆಗಲೇ ಜನರ ಕಡೆ ತಿರುಗಿದ್ದಳು.

"ಕೇಳಿದ್ರೇನು? ಮಳಿಗಾಲದಾಗ ಒಂದು ತಿಂಗಳು ಹುಗದ ಚಡ್ಡಿ ಒಗದು ಹಾಕ್ಕೊಳ್ಳಾಕ ಬರ್ತದಂದ್ರ, ಆ ಮಣ್ಣಾಗ ಜೀವ ಎಲ್ಲದ? ಇದಕ್ಕಿಂತ ದೊಡ್ಡ ಸಾಕ್ಷಿ ಏನ್ ಬೇಕು?"

ಆ ಸಾಕ್ಷಿಯನ್ನು ಕಲ್ಯಾಣಪ್ಪ ಆ ಗಳಿಗೆಯಲ್ಲೂ ತೊಟ್ಟುಕೊಂಡಿದ್ದ.

"ಕಾಕಾರ, ನನಗ ಮಾದರಿ ವಾಪಸ್ ಬೇಕ್ರಿ," ಎಂದಳು ಲುಂಬಿನಿ.

"ಈಗಾ?"

"ನಾಳಿ ಕೊಟ್ರೂ ನಡೀತದ್ರಿ."

ಮರುದಿನ ಬೆಳಿಗ್ಗೆ ಮಹಾದೇವಮ್ಮ ತಾನೇ ಬಂದು ನಾಲ್ಕೂ ಚಡ್ಡಿ ಒಪ್ಪಿಸಿದಳು. ಒಗೆದು, ನೀಲಿ ಅದ್ದಿ, ಇಸ್ತ್ರಿ ಹೊಡೆದು, ಮಡಿಕೆ ಹಾಕಿದ್ದಳು. ಲುಂಬಿನಿ ಅವನ್ನು ಒಂದೊಂದೇ ಚೀಲಕ್ಕೆ ಹಾಕಿ, ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ "ಮಣ್ಣಲ್ಲಿ ಒಂದು ತಿಂಗಳು, ಮೈಮೇಲೆ ಒಂದು ತಿಂಗಳು, ಹಾನಿಯಿಲ್ಲ" ಎಂದು ಚೀಟಿ ಅಂಟಿಸಿದಳು. ವಾರದ ನಂತರ ಪ್ರಯೋಗಾಲಯದ ವರದಿಯೂ ಬಂತು. ಬೇಲಿಯೊಳಗಿನ ಮಣ್ಣಲ್ಲಿ ಇಂಗಾಲ ಹೊರಗಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಅವಳು ಅದನ್ನು ಓದಿ ಹೇಳಿದಾಗ ಊರವರು, ಇದು ನಮಗೆ ಆಗಲೇ ಗೊತ್ತಲ್ಲ ಎಂಬಂತೆ ತಲೆಯಾಡಿಸಿದರು.

ದಸರಾ ಮುಗಿದ ಮೇಲೆ ಉಳಿದರ್ಧ ಬಯಲಿಗೂ ಬೇಲಿ ಬಿತ್ತು. ಕಲ್ಯಾಣಪ್ಪ ತನ್ನ ಪಾಳಿಯ ದಿನ ಗೊಣಗುತ್ತಲೇ ಎಮ್ಮೆಗಳನ್ನು ಹಳೆಯ ಬೇಲಿಯೊಳಗೆ ಹೊಡೆದ. ಅವು ಮೊಣಕಾಲೆತ್ತರದ ಹುಲ್ಲಿಗೆ ಬಾಯಿ ಹಾಕಿದವು. ಸಂಜೆ ಮನೆಗೆ ಕರೆದರೆ ಹನ್ನೊಂದರಲ್ಲಿ ಒಂದೂ ತಲೆ ಎತ್ತಲಿಲ್ಲ.