ಬೆಂಚಿನ ಹಾಡು

ಸತ್ತವನು ಆ ಹಾಡು ಕೇಳಿದ್ದನೋ ಇಲ್ಲವೋ? ಓನ್ಸೆಗೆ ಗೊತ್ತಾಗಬೇಕಿದ್ದುದು ಅಷ್ಟೇ. ಅಳುವುದಕ್ಕೆ ಬೇರೆ ಜನ ಇದ್ದರು.

ಕಾರು ಮಲಬೋನ್ ಪಟ್ಟಣದ ಗಲ್ಲಿಯಲ್ಲಿ ಬಾಡಿಗೆ ಟ್ರೈಸಿಕಲ್ಲುಗಳ ಹಿಂದೆ ಸಿಕ್ಕಿಕೊಂಡಿತ್ತು. ಬೆಳಗಿನ ಹತ್ತೂವರೆಗೇ ಚರಂಡಿ ನಾರುತ್ತಿತ್ತು. ಡ್ರೈವರ್ ಬೆರ್ತಿಂಗ್ ಹಾರ್ನ್ ಒತ್ತಿ ಒತ್ತಿ ಸಾಕಾಗಿ ಹೇಳಿದ, "ಬಾಸ್, ವಾಪಸ್ ಹೋಗ್ವಾಗ ಎಲ್ಲಾದ್ರೂ ಒಂದ್ಕಡೆ ಇಳೀಬೇಕು. ಸಾವಿನ ಮನೆಯಿಂದ ಸೀದಾ ಮನೆಗೆ ಹೋದ್ರೆ ಸತ್ತೋನು ಹಿಂದೇನೇ ಬರ್ತಾನೆ."

"ಬರ್ಲಿ ಬಿಡು. ಮನೇಲಿ ಮೂರು ರೂಮು ಖಾಲಿ ಬಿದ್ದಿವೆ."

"ತಮಾಷೆ ಬೇಡ ಬಾಸ್. ಈ ಕಾರಲ್ಲಿ ನಾನೂ ಇದೀನಿ."

ದಡ್ಡ ಮುಂಡೇದು, ಅಂದುಕೊಂಡ ಓನ್ಸೆ. ಅವನಿಗೆ ಎಲ್ಲರೂ ದಡ್ಡರೇ. ಸಮಾಜಶಾಸ್ತ್ರದಲ್ಲಿ ಪದವಿ ಇತ್ತು. ಸಂದರ್ಶನಗಳಲ್ಲಿ 'ಶೋಷಣೆ' ಎಂಬ ಮಾತು ಬಳಸುವುದಕ್ಕೆ ಅಷ್ಟು ಸಾಕಾಗಿತ್ತು.

ಹನ್ನೊಂದು ವರ್ಷದ ಹಿಂದೆ ಅವನು ಎವಾರಿಸ್ಟೊ, ಯೂನಿವರ್ಸಿಟಿ ಬಾಸ್ಕೆಟ್‌ಬಾಲ್ ತಂಡದ ಹನ್ನೊಂದನೇ ನಂಬರಿನವನು. ಫೈನಲ್ ದಿನ ಜಾಕೆಟ್ಟಿನ ಜಿಪ್ ಸೊಂಟದವರೆಗೆ ಇಳಿಸಿಕೊಂಡು ಬೆಂಚಿನ ತುದಿಯಲ್ಲಿ ಕೂತ. ಕೋಚ್ ತಿಬೊ ಈಗ ಕರೆಯುತ್ತಾನೆ, ಇನ್ನೇನು ಕರೆಯುತ್ತಾನೆ ಅಂತ ಕಾದ. ನಲವತ್ತು ನಿಮಿಷ ಕಾದ. ಅಮ್ಮ ಎದುರಿನ ಗ್ಯಾಲರಿಯಲ್ಲಿ ಅವನ ಹೆಸರಿನ ಬೋರ್ಡು ಎತ್ತಿ ಹಿಡಿದಿದ್ದವಳು ಕೊನೆಗೆ ಅದನ್ನು ಮಡಚಿ ಅದರ ಮೇಲೇ ಕೂತಳು. ತಂಡ ನಾಲ್ಕು ಪಾಯಿಂಟಿನಿಂದ ಸೋತಿತು.

ಆ ವಾರವೇ ಚೆಂಡು ಬಿಟ್ಟ, 'ಬೆಂಚು' ಹಾಡು ಬರೆದ. ಊರೂರೇ ಹಾಡಿತು:

*ಸೀಟಿ ಊದೋ ಮುದುಕಾ, ನೀನೂ ಕೂರು ಬೆಂಚಲಿ,*
*ಜಿಪ್ಪು ಬಿಚ್ಚಿ ಕಾಯಿ ನೀನು, ಯಾರೂ ಕರೀದಿರಲಿ.*

ಅಲ್ಲಿಯವರ ಮಾತಿನಲ್ಲಿ ಓನ್ಸೆ ಅಂದರೆ ಹನ್ನೊಂದು. ಅದೇ ಹೆಸರಾಯಿತು. ಆಮೇಲೆ ಬರೆದದ್ದೆಲ್ಲ ಕಸ. ಅದು ಅವನಿಗೆ ಗೊತ್ತಿತ್ತು, ಹೊಗಳುವವರಿಗೆ ಗೊತ್ತಿರಲಿಲ್ಲ. ಮುದುಕ ಮಾತ್ರ ಹನ್ನೊಂದು ವರ್ಷವೂ ತುಟಿ ಪಿಟಕ್ಕೆನ್ನಲಿಲ್ಲ. ಹೊಡೆದ ಕಲ್ಲು ಬಿದ್ದ ಸದ್ದೇ ಕೇಳಿಸಲಿಲ್ಲ.

ಕೋಚ್ ತಿಬೊನ ಹೆಣವನ್ನು ಕೇರಿಯ ಬಾಸ್ಕೆಟ್‌ಬಾಲ್ ಅಂಕಣದಲ್ಲೇ, ರಿಂಗಿನ ಕೆಳಗೆ ಇಟ್ಟಿದ್ದರು. ಹಿಂದಿನ ಬ್ಯಾನರಿನಲ್ಲಿ ಸತ್ತವನ ಮುಖಕ್ಕಿಂತ ಕೇರಿಯ ಪುಢಾರಿಯ ಮುಖ ದೊಡ್ಡದಿತ್ತು. ಆ ಮಹಾಶಯ, ಕ್ಯಾಪ್ಟನ್ ಅಂತ ಕರೆಸಿಕೊಳ್ಳುವವನು, ಮೈಕ್ ಹಿಡಿದು ಓಡಾಡುತ್ತಿದ್ದ. ಮೂರು ಮೇಜಿನಲ್ಲಿ ಇಸ್ಪೀಟು ಸಾಗಿತ್ತು. ಜನ ಕಲ್ಲಂಗಡಿ ಬೀಜ ಕಚ್ಚಿ ಸಿಪ್ಪೆ ಉಗಿಯುತ್ತಿದ್ದರು. ಥೂ, ಸಾವಿಗೂ ಮರ್ಯಾದೆ ಇಲ್ಲದ ಜನ, ಅನ್ನಿಸಿತು ಓನ್ಸೆಗೆ. ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದುಕೊಂಡ. ಐದು ಜನ ಅವನ ಜೊತೆ ಫೋಟೊ ತೆಗೆಸಿಕೊಂಡರು. ಅವನು ಐದು ಸಲವೂ ಹಲ್ಲು ಕಿರಿದ.

ಕೋಚಿನ ಹೆಂಡತಿ ಪುರಿಂಗ್ ಅವನ ಕೈ ಹಿಡಿದುಕೊಂಡಳು.

"ಬಂದ್ಯಾ ಮಗಾ? ತಿಂಡಿ ತಿಂದ್ಯಾ?"

"ಆಯ್ತು. ಅಮ್ಮ, ಅವರು... ನನ್ನ ಹಾಡು ಕೇಳಿದ್ರಾ?"

"ಕೇಳಿದ್ರಾ ಅಂತೀಯಲ್ಲ! ನಮ್ಮ ತಲೆ ತಿಂದ್ಬಿಟ್ರು. ಹುಟ್ಟಿದಬ್ಬ, ಮದುವೆ, ಯಾವುದಾದ್ರೂ ಸರಿ, ಮೈಕ್ ಸಿಕ್ರೆ ಅದೇ ಹಾಡು. ಸೀಟಿ ಮುದುಕ ನಾನೇ ಕಣ್ರೋ, ನನ್ನ ಹುಡುಗ ನನ್ಮೇಲೆ ಕಟ್ಟಿದಾನೆ ಅಂತ ಎದೆ ತಟ್ಕೊಳ್ಳೋರು."

"ಅದು ಬೈದು ಬರ್ದಿದ್ದು."

"ಗೊತ್ತಪ್ಪಾ. ಕೋಚನ್ನ ಬೈಯದ ಹುಡುಗ ಯಾವನಿದಾನೆ?"

"ಫೈನಲ್‌ನಲ್ಲಿ ನನ್ನ ಯಾಕೆ ಇಳಿಸ್ಲಿಲ್ಲ ಅಂತ ಏನಾದ್ರೂ ಹೇಳಿದ್ರಾ?"

"ನಾನೇ ಒಂದ್ಸಲ ಕೇಳ್ದೆ." ಪುರಿಂಗ್ ಅಳುತ್ತಲೇ ನಕ್ಕಳು. "ಆಟದ ಗಲಾಟೇಲಿ ಅವನಿದಾನೆ ಅನ್ನೋದೇ ಮರ್ತೋಯ್ತು ಕಣೇ ಅಂದ್ರು. ಆಮೇಲೆ, ಒಳ್ಳೇದೇ ಆಯ್ತಲ್ಲ ಬಿಡು, ಹಾಡುಗಾರ ಆದ ಅಂತ ಖುಷಿ ಪಟ್ರು."

ದ್ವೇಷವಿದ್ದಿದ್ದರೆ ಆಗಿತ್ತು. ಅಸೂಯೆ, ಲಂಚ, ಜಾಣತನ, ಏನಾದರೂ ಇದ್ದಿದ್ದರೆ ಆಗಿತ್ತು. ಮರೆತನಂತೆ! ಹನ್ನೊಂದು ವರ್ಷದ ಸಿಟ್ಟಿನ ಎದುರಿಗೆ ಯಾರೂ ನಿಂತೇ ಇರಲಿಲ್ಲ. ಅವನಿಗೆ ಅಳು ಬಂತು, ಅದಕ್ಕೆ ಅಸಹ್ಯವೂ ಆಯಿತು.

ಅಷ್ಟರಲ್ಲಿ ಕ್ಯಾಪ್ಟನ್ ಮೈಕ್ ತಂದು ಬಾಯಿಗೆ ಹಿಡಿದ. "ನಮ್ಮ ಕೋಚಿನ ಹಾಡು, ಅವ್ರ ಹುಡುಗನ ಬಾಯಲ್ಲೇ! ಏನಂತೀರಾ?"

"ಇಲ್ಲ, ಇದು ಸಾವಿನ ಮನೆ..."

"ಕೊಬ್ಬು ತೋರಿಸ್ಬೇಡ್ವೋ!" ಇಸ್ಪೀಟಿನ ಮೇಜಿನಿಂದ ಮುದುಕಿಯೊಬ್ಬಳು ಕೂಗಿದಳು. "ತಿಬೊ ನಿನಗಿಂತ ಚೆನ್ನಾಗಿ ಹೇಳ್ತಿದ್ದ!"

ಎಲ್ಲರೂ ನಕ್ಕರು. ಅವನು ಹಾಡಿದ. ಎರಡನೇ ಸಾಲಿಗೆ ಅವರೂ ಸೇರಿಕೊಂಡರು, ಮೇಜು ತಟ್ಟಿ, ಬೀಜ ಅಗಿಯುತ್ತ. 'ಯಾರೂ ಕರೀದಿರಲಿ' ಎಂಬಲ್ಲಿ ಪುರಿಂಗ್ ಕಣ್ಣೊರೆಸಿಕೊಂಡು, ಮಗುವನ್ನು ಮಲಗಿಸುವ ಹಾಗೆ ಶವಪೆಟ್ಟಿಗೆಯ ಗಾಜು ತಟ್ಟಿದಳು. ಅವನು ಬೇಕೆಂದೇ ಕಿರುಚಿದ, ಮಾತುಮಾತನ್ನೂ ಹಲ್ಲಿನಲ್ಲಿ ಕಚ್ಚಿ ಉಗುಳಿದ. ಅವರಿಗೆ ಅದು ಇನ್ನೂ ಹಿಡಿಸಿತು. ಚಪ್ಪಾಳೆ ಹೊಡೆದರು.

ಹೊರಡುವಾಗ ಯಾರೂ ಕಳಿಸಲು ಬರಲಿಲ್ಲ. ಸತ್ತವರ ಮನೆಯವರು ಬಂದವರನ್ನು ಬಾಗಿಲವರೆಗೆ ಬಂದು ಕಳಿಸಬಾರದು ಅನ್ನುವ ಪದ್ಧತಿ ಅವನಿಗೆ ಗೊತ್ತಿತ್ತು. ಆದರೂ ಗೇಟಿನ ಹತ್ತಿರ ಒಂದು ನಿಮಿಷ ನಿಂತ.

ಬೆರ್ತಿಂಗ್ ಕೇಳದೆಯೇ ಶುಂಠಿ ಗಂಜಿಯ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದ. ಅಂಗಡಿಯಾಕೆ ಸೌಟು ಹಿಡಿದು ಓನ್ಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಗುರುತು ಹತ್ತಲಿಲ್ಲ.

"ಸಾವಿನ ಮನೆಯಿಂದ ಬಂದ್ರಾ?"

"ಹೇಗೆ ಗೊತ್ತಾಯ್ತು?"

"ಗಂಜಿ ಕಡೆ ನೋಡ್ತಾನೇ ಇಲ್ವಲ್ಲ. ಸತ್ತೋರನ್ನ ಕೊಡವಿಕೊಳ್ಳೋಕೆ ಬರೋರೆಲ್ಲ ಹೀಗೇ. ತಿನ್ನದಿದ್ರೆ ಪರ್ವಾಗಿಲ್ಲ, ಗಿರಾಕಿಗಳ ಮಧ್ಯ ಮಾತ್ರ ಕೂರ್ಬೇಡಿ. ಅಲ್ಲಿ ಗೋಡೆ ಹತ್ರ ಬೆಂಚಿದೆ, ಅದು ನಿಮ್ಮಂಥೋರಿಗೇ."

ಅವನು ಹೋಗಿ ತುದಿಯಲ್ಲಿ ಕೂತ. ಬೆರ್ತಿಂಗ್ ಎರಡು ಬಟ್ಟಲು ಮುಗಿಸಿ ಬಾಯಿ ಒರೆಸಿಕೊಂಡು ಬಂದ.

"ಸಾಕು ಬಾಸ್, ಬಿಟ್ಟೋಗಿರ್ತಾನೆ. ನಡೀರಿ."

"ನೀನು ಕಾರಲ್ಲಿರು. ಬರ್ತೀನಿ."

ಮಧ್ಯಾಹ್ನದ ಗಿರಾಕಿಗಳು ಸಾಲುಗಟ್ಟಿದರು. "ಮುಂದಿನೋರು ಬನ್ನಿ!" ಆಕೆ ಕೂಗಿದಾಗಲೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ ನೋಡಿಕೊಂಡ. ಜಾಕೆಟ್ಟಿನ ಜಿಪ್ ಸೊಂಟದವರೆಗೆ ಇಳಿದಿತ್ತು. ಯಾವಾಗ ಇಳಿಸಿದನೋ ನೆನಪಿಲ್ಲ.

"ಮುಂದಿನೋರು!"

ಅವನು ಅರ್ಧ ಎದ್ದ. ಆಕೆ ಕೈ ತೋರಿಸಿದ್ದು ಬೇರೆ ಯಾರಿಗೋ.