ಹಾಸಿಗೆಯ ಗುಂಡಿ

ನಮ್ಮ ಕಡೆ ಬೆನ್ನುನೋವಿಲ್ಲದ ಮನೆ ಸಿಗುವುದು ಕಷ್ಟ. ಚೆಂಡುಹೂವು ಬಿಡಿಸಿ, ಅರಿಸಿನ ಕಿತ್ತು, ನೀರು ಹೊತ್ತು ದಣಿದ ಸೊಂಟ ಹಾಸಿಗೆಯ ಮೇಲಾದರೂ ಸುಧಾರಿಸಿಕೊಳ್ಳಬೇಕು. ಭೀಮನಬೀಡಿನ ಶಾಂತಮಲ್ಲಮ್ಮನಿಗೆ ಆ ಭಾಗ್ಯವೂ ಇರಲಿಲ್ಲ. ಮಲಗುವ ಮುಂಚೆ ಇದ್ದದ್ದಕ್ಕಿಂತ ಬೆಳಿಗ್ಗೆ ಏಳುವಾಗಲೇ ನೋವು ಹೆಚ್ಚು.

ಗಂಡ ಮರಿಮಲ್ಲಪ್ಪ ತೀರಿಕೊಂಡ ಮೇಲೆ ಅವಳು ಮದ್ದು ಕೇಳುವುದನ್ನೂ ಬಿಟ್ಟಿದ್ದಳು. ಶಿವ ಕರೆಸಿಕೊಳ್ಳುವ ತನಕ ಇದು ಹೀಗೇ ಎಂದುಕೊಂಡಿದ್ದಳು. ಬಿಡದೆ ಉಳಿಸಿಕೊಂಡದ್ದು ಬೆಳಗಿನ ಲಿಂಗಪೂಜೆ ಒಂದನ್ನೇ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ನೆಟ್ಟಗೆ ಕೂತಷ್ಟು ಹೊತ್ತು ಎದೆಯ ಭಾರ ತುಸು ಇಳಿಯುತ್ತಿತ್ತು. ಈಗೀಗ ಅದಕ್ಕೂ ಗೋಡೆಗೆ ಒರಗಬೇಕಾಗಿತ್ತು.

ಅವಳ ಓರಗಿತ್ತಿ ದೊಡ್ಡಮಲ್ಲಮ್ಮ ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು.

“ಮಂಚ ಬುಟ್ಬುಡಮ್ಮಿ. ಬರೀ ನೆಲದ ಮ್ಯಾಲೆ ಮನಿಕ್ಕೊ. ಬೆನ್ನು ಹಲಗೆ ಆದಂಗಾಯ್ತದ.”

ಶಾಂತಮಲ್ಲಮ್ಮ ಚಾಪೆ ಹಾಸಿ ನೆಲದ ಮೇಲೆ ಮಲಗಿ ನೋಡಿದಳು. ಮಗ್ಗುಲಾದರೆ ಸೊಂಟದ ಮೂಳೆ, ಭುಜದ ಮೂಳೆ ನೆಲಕ್ಕೆ ಒತ್ತಿದವು. ಎದ್ದಾಗ ಮೈ ಮರಗಟ್ಟಿತ್ತು.

“ನೀ ಅಂದಂಗೇ ಹಲಗೆ ಆಯ್ತು ಕಣಕ್ಕ. ಈಗ ಬಗ್ಗಕ್ಕೇ ಬರ್ದು,” ಎಂದಳು.

ಮಗ ಬಸವಪ್ರಸಾದನಿಗೆ ಅದನ್ನು ನೋಡಲಾಗಲಿಲ್ಲ. ಚಾಮರಾಜನಗರಕ್ಕೆ ಹೋಗಿ ದಪ್ಪನೆಯ ಸ್ಪಂಜಿನ ಹಾಸಿಗೆ ತಂದು ಹಾಸಿದ. ಅದರಲ್ಲಿ ಅವಳ ಸೊಂಟ ಹೂತುಹೋಯಿತು. ಹೊರಳಬೇಕೆಂದರೆ ಉಸಿರು ಕಟ್ಟುತ್ತಿತ್ತು.

“ಕೆಸರಲ್ಲಿ ಎಮ್ಮೆ ಬಿದ್ದಂಗಾಗದ ಕಣಪ್ಪ,” ಎಂದಳು.

“ನಿನ್ನ ಎಬ್ಬಿಸಕ್ಕೆ ಇನ್ನು ಎತ್ತು ಕಟ್ಟಬೇಕು,” ಎಂದಳು ದೊಡ್ಡಮಲ್ಲಮ್ಮ. ಯಾರಿಗೂ ನಗು ಬರಲಿಲ್ಲ.

ಶಾಂತಮಲ್ಲಮ್ಮ ಹಳೆಯ ಹತ್ತಿ ಹಾಸಿಗೆಗೇ ಮರಳಿದಳು. ಅದು ಮರಿಮಲ್ಲಪ್ಪ ಮಲಗುತ್ತಿದ್ದ ಹಾಸಿಗೆ. ಸತ್ತವರ ಹಾಸಿಗೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ಒಳಗೆ ಯಾರಿಗಾದರೂ ಕೊಟ್ಟುಬಿಡಬೇಕು. ಅವಳು ಅದನ್ನು ಅಟ್ಟದ ಮೇಲೆ ಅರಿಸಿನದ ಚೀಲಗಳ ಹಿಂದೆ ಬಚ್ಚಿಟ್ಟು, ನೆಂಟರೆಲ್ಲ ಹೋದ ಮೇಲೆ ಇಳಿಸಿಕೊಂಡಿದ್ದಳು. ಮಗನಿಗೆ ಗೊತ್ತಿತ್ತು.

ಒಂದು ದಿನ ಉಪಕೇಂದ್ರದ ನರ್ಸು ಶಶಿರೇಖಾ ಮನೆಮನೆ ಸುತ್ತುತ್ತಾ ಬಂದಳು. ಶಾಂತಮಲ್ಲಮ್ಮ ಗೋಡೆ ಹಿಡಿದು ನಡೆಯುವುದನ್ನು ಕಂಡು ನಿಂತಳು.

“ಕಾಲು ಜೋಮು ಹಿಡಿಯುತ್ತಾ ಅವ್ವ? ಕಾಲಲ್ಲಿ ಬಲ ಇಲ್ಲ ಅನ್ನಿಸೋದು, ಮೂತ್ರ ತಡೆಯಕ್ಕೆ ಆಗದೆ ಇರೋದು, ಜ್ವರ, ಏನಾದ್ರೂ ಇದ್ಯಾ?”

“ಅದೇನಿಲ್ಲ. ಡಾಕ್ಟ್ರಿಗೂ ತೋರ್ಸಾಗದ. ಮೂಳೆ ಸವ್ದದ, ಇನ್ನು ಹಿಂಗೇ ಅಂದ್ರು. ನೆಲದ ಮ್ಯಾಲೆ ಮನಿಕ್ಕಂಡ್ರೆ ಒತ್ತುತ್ತದ, ಸ್ಪಂಜಿನ ಹಾಸಿಗೇಲಿ ಮುಳುಗೋಯ್ತೀನಿ.”

“ಸರಿ. ಮಲಗೋದು ಎಲ್ಲಿ, ತೋರ್ಸಿ.”

“ಹಾಸಿಗೆ ನೋಡಕ್ಕೂ ನರ್ಸಮ್ಮ ಬೇಕಾ?” ಎಂದು ದೊಡ್ಡಮಲ್ಲಮ್ಮ ಬಾಗಿಲಲ್ಲೇ ಮೂದಲಿಸಿದಳು.

ಶಶಿರೇಖಾ ಮಂಚದ ಮೇಲಿನ ಜಮಖಾನ ಸರಿಸಿದಳು. ಹತ್ತಿ ಎರಡು ಬದಿಗೂ ಗಂಟುಗಂಟಾಗಿ ಸರಿದಿತ್ತು. ನಡುವೆ ಒಬ್ಬ ಆಳಿನುದ್ದ ತಗ್ಗು. ಕೆಳಗೆ ಮಂಚಕ್ಕೆ ಹೆಣೆದ ನವಾರದ ಪಟ್ಟಿಯೂ ಜೋತುಬಿದ್ದಿತ್ತು.

“ನೋಡಿ, ಎಂಥ ಗುಂಡಿ ಬಿದ್ದಿದೆ. ದಿನಾ ಈ ಗುಂಡಿಲೇ ಮಲಗ್ತೀರಲ್ಲ.”

ಶಾಂತಮಲ್ಲಮ್ಮ ಆ ಮಾತು ಕೇಳಿ ಮಂಚದ ಅಂಚಿನಲ್ಲಿ ಕೂತಳು. ಮರಿಮಲ್ಲಪ್ಪನನ್ನು ಕೂರಿಸಿ, ವಿಭೂತಿ ಸುರಿದು ಮಣ್ಣು ಮುಚ್ಚಿದ ಸಮಾಧಿಗೂ ಊರಿನವರು ಗುಂಡಿ ಎಂದೇ ಹೇಳುತ್ತಿದ್ದರು.

“ಒಂದು ಗುಂಡಿಗೆ ಅವ್ರನ್ನ ಕೊಟ್ಬುಟ್ಟೆ ಕಣವ್ವ,” ಎಂದಳು. “ಇದೊಂದು ಗುಂಡಿ ನಂಗಿರ್ಲಿ ಬುಡು.”

ದೊಡ್ಡಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಶಿರೇಖಾ ಮೆಲ್ಲಗೆ ಹೇಳಿದಳು.

“ಅವರ ಮೈ ಅಳತೆಗೆ ಬಿದ್ದ ತಗ್ಗು ಅವ್ವ ಇದು. ಇದ್ರೊಳಗೆ ನಿಮ್ಮ ಬೆನ್ನು ರಾತ್ರಿಯೆಲ್ಲ ಸೊಟ್ಟಗಿರುತ್ತೆ. ಬರೀ ನೆಲ ನಿಮ್ಗೆ ಒತ್ತಿತು, ಸ್ಪಂಜು ಮುಳುಗಿಸ್ತು. ಎರಡರ ನಡುವಿನ ಗಟ್ಟಿ ಇರ್ಬೇಕು. ಹೊಸದೇ ಆಗ್ಬೇಕು ಅಂತಿಲ್ಲ. ಇದೇ ಹತ್ತಿನ ಹಿಂಜಿಸಿ ಸಮ ಮಾಡ್ಸಿ.”

“ಹಿಂಜಿಸ್ಬುಟ್ರೆ ಅದ್ರಲ್ಲಿ ಅವ್ರೆಲ್ಲಿರ್ತರ?”

ಶಶಿರೇಖಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಆ ವಾರದಲ್ಲೇ ಶಾಂತಮಲ್ಲಮ್ಮ ಪೂಜೆಗೆ ಕೂತಿದ್ದಾಗ ಸೊಂಟದಲ್ಲಿ ಒಮ್ಮೆಗೇ ಹಿಡಿದುಕೊಂಡಿತು. ತೋಳು ಅದುರಿತು. ಲಿಂಗ ಅಂಗೈಯಿಂದ ಜಾರಿತು. ನೆಲಕ್ಕೆ ಬೀಳಲಿಲ್ಲ, ಮಡಿಲ ಸೀರೆಯ ನೆರಿಗೆಯಲ್ಲಿ ನಿಂತಿತು. ಆದರೂ ಜಾರಿತಲ್ಲ. ಪ್ರಾಣ ಹೋದರೂ ಲಿಂಗ ಕೈಬಿಡಬಾರದೆಂದು ಚಿಕ್ಕಂದಿನಿಂದ ಕಲಿತವಳು ಅವಳು. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಗಂಡ ಹೋದ ದಿನವೂ ಅಳದಷ್ಟು ಅತ್ತಳು. ಅತ್ತು ಮುಗಿದ ಮೇಲೆ ಮಗನನ್ನು ಕರೆದಳು.

“ಗುಂಡ್ಲುಪೇಟೆ ಹಾಸಿಗೆ ಸಾಬ್ರನ್ನ ಕರ್ಸಪ್ಪ.”

ಬಸವಪ್ರಸಾದ ಅಂಗಡಿಯ ಕಾಯಿನ್ ಫೋನಿನಿಂದ ಹೇಳಿ ಕಳಿಸಿದ. ಹಾಸಿಗೆ ಹೊಲಿಯುವ ಅಬ್ದುಲ್ ಜಬ್ಬಾರ್ ಹತ್ತಿ ಹಿಂಜುವ ಬಿಲ್ಲು ಹೊತ್ತು ಬಂದ. ಜಗಲಿಯ ಮೇಲೆ ಹಾಸಿಗೆ ಹರಡಿ, ಹೊಲಿಗೆ ಬಿಚ್ಚುವ ಮುಂಚೆ ಆ ತಗ್ಗಿನ ಮೇಲೆ ಕೈ ಆಡಿಸಿದ.

“ಯಜಮಾನ್ರದಾ ಅಮ್ಮಾ?”

ಅವಳು ತಲೆಯಾಡಿಸಿದಳು.

“ನಡುವಿನ ಹತ್ತಿ ಬೇರೆ ತೆಗೆದಿಡ್ಲಾ? ಹಾಸಿಗೆಗೆ ಬೇರೆ ಹತ್ತಿ ಸೇರಿಸ್ತೀನಿ. ಇದ್ರಲ್ಲಿ ಒಂದು ದಿಂಬು ಆಗುತ್ತೆ.”

“ಇಡಿ ಸಾಬ್ರೆ,” ಎಂದು ಒಳಗೆ ಹೋದಳು. ಗೋಡೆಯ ಕಡೆ ಮುಖ ಮಾಡಿ ಕೂತಳು. ಹೊರಗೆ ಬಿಲ್ಲಿನ ನಾರಿ ಮಿಡಿದಾಗಲೆಲ್ಲ ಅವಳು ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಸಂಜೆ ಬಸವಪ್ರಸಾದ ಜೋತ ನವಾರದ ಮೇಲೆ ಉದ್ದಗಲಕ್ಕೆ ಹಲಗೆ ಹಾಕಿ ಹಾಸಿಗೆ ಹಾಸಿದ. ಸುದ್ದಿ ಕೇಳಿ ಶಶಿರೇಖಾಳೂ ಬಂದಳು. ಶಾಂತಮಲ್ಲಮ್ಮನನ್ನು ಅಂಗಾತ ಮಲಗಿಸಿ ಸೊಂಟದ ಕೆಳಗೆ ಕೈ ತೂರಿಸಿದಳು.

“ಕೈ ಸಲೀಸಾಗಿ ಆಚೆ ಹೋದ್ರೆ ಹಾಸಿಗೆ ನಿಮ್ಗೆ ಗಟ್ಟಿಯಾಯ್ತು ಅಂತ. ತೂರೋದೇ ಇಲ್ಲ ಅಂದ್ರೆ ಮೆತ್ತಗಾಯ್ತು ಅಂತ. ಇದು ಹಿತವಾಗಿದೆ. ಹೊರಳಿ ನೋಡಿ.”

ಅವಳು ಯಾರ ಕೈಯೂ ಹಿಡಿಯದೆ ಹೊರಳಿದಳು.

“ತಲೆಗೆ ಎರಡೆರಡು ದಿಂಬು ಬೇಡ. ಮಗ್ಗುಲಾದಾಗ ಕಿವಿಗೂ ಭುಜಕ್ಕೂ ನಡುವಿನ ಸಂದು ತುಂಬಿದ್ರೆ ಸಾಕು. ಅಂಗಾತ ಮಲಗಿದ್ರೆ ಮಂಡಿ ಕೆಳಗೆ ಒಂದು ದಿಂಬು, ಮಗ್ಗುಲಾದ್ರೆ ಮಂಡಿಗಳ ನಡುವೆ. ಬೋರಲು ಮಲಗೋದು ಬೇಡ. ಏಳೋವಾಗ ಮೊದ್ಲು ಮಗ್ಗುಲಾಗಿ, ಕಾಲು ಇಳಿಸಿ, ಕೈಯೂರಿ ಏಳಿ.”

ಮಂಡಿಗೆ ಇಡಲು ಶಾಂತಮಲ್ಲಮ್ಮ ಜಬ್ಬಾರ್ ಹೊಲಿದ ದಿಂಬನ್ನೇ ಎತ್ತಿಕೊಂಡಳು. ಒಂದು ಗಳಿಗೆ ಎದೆಗೆ ಅವುಚಿಕೊಂಡು, ಆಮೇಲೆ ಮಂಡಿಗಳ ನಡುವೆ ಇಟ್ಟಳು.

“ನನ್ನ ಹಾಸಿಗೇಲೂ ಗಂಟು ಅವೆ ಕಣಪ್ಪ. ಸಾಬ್ರು ಊರು ಬುಟ್ರಾ ನೋಡು,” ಎಂದಳು ದೊಡ್ಡಮಲ್ಲಮ್ಮ.

ನೋವು ಪೂರ್ತಿ ಹೋಗಲಿಲ್ಲ. ನಿದ್ದೆಗಣ್ಣಿನಲ್ಲಿ ಅವಳ ಕೈ ಆ ತಗ್ಗನ್ನು ಹುಡುಕುವುದೂ ನಿಲ್ಲಲಿಲ್ಲ. ಸಮನಾದ ಹತ್ತಿ ಸಿಕ್ಕಾಗ ಮತ್ತೊಮ್ಮೆ ಮಣ್ಣು ಮುಚ್ಚಿದಂತಾಗುತ್ತಿತ್ತು. ಆದರೆ ಮುಂದೆ ಬಂದ ಹಬ್ಬದ ಹೊತ್ತಿಗೆ ಅವಳು ಗೋಡೆ ಬಿಟ್ಟು ಕೂತು ಪೂಜೆ ಮಾಡಿದಳು. ಅಂಗೈ ಅದುರಲಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಹಾಸಿಗೆಯ ಹೊದಿಕೆ ಸರಿಸಿ ನೋಡಿ. ತಗ್ಗು ಬಿದ್ದಿದ್ದರೆ, ಹತ್ತಿ ಗಂಟಾಗಿದ್ದರೆ ಹಿಂಜಿಸಿ. ಜೋತ ಮಂಚಕ್ಕೆ ಹಲಗೆ ಹಾಕಿ. ಹೊಸದು ಕೊಳ್ಳುವುದಾದರೆ ಅಂಗಡಿಯಲ್ಲಿ ನಾಚದೆ ಮಲಗಿ, ಹೊರಳಿ ನೋಡಿ ಕೊಳ್ಳಿ. ಒಬ್ಬರ ಬೆನ್ನಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲಾರದು. ಕಾಲು ಮರಗಟ್ಟಿದರೆ, ಬಲ ಕುಂದಿದರೆ, ಮಲಮೂತ್ರ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಹಾಸಿಗೆಯ ಮಾತು ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೋದವರನ್ನು ಯಾವ ಹಾಸಿಗೆಯೂ ಹಿಡಿದಿಡಲಾರದು. ಉಳಿದವರ ಬೆನ್ನನ್ನಾದರೂ ಅದು ನೆಟ್ಟಗೆ ಹಿಡಿಯಲಿ.